ಬಂಗಲೆಯ ಕೇಪುಳ, ಗುಡ್ಡೆಯ ಕೇಪುಳ

ಪಕ್ಕದ ಮನೆಯ ಹುಡುಗಿ ನಿನ್ನೆ ನರ್ಸರಿಯಿಂದ ಒಂದು ಹೂವಿನ ಕುಂಡ ತಂದು ನಮ್ಮ ಜಗಲಿಯ ಮೇಲಿಟ್ಟಳು. "ಅಜ್ಜಿ, ಇದು ಇಕ್ಸೋರಾ. ನಿಮ್ಮ ಅಂಗಳಕ್ಕೆ ಚಂದ ಆಗ್ತದೆ" ಎಂದಳು. ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದೆ. ಹಸುರು ಎಲೆ, ಮುಷ್ಟಿಯಷ್ಟು ದೊಡ್ಡ ಕೆಂಪು ಹೂಗೊಂಚಲು.

"ಇದಕ್ಕೆ ಇಕ್ಸೋರಾ ಅಂತ ಯಾವಾಗ ನಾಮಕರಣ ಆದದ್ದು? ಇದು ಕೇಪುಳ ಅಲ್ವಾ ಮಾರಾಯ್ತಿ!"

"ಅಲ್ಲ ಅಜ್ಜಿ. ಕೇಪುಳ ಗುಡ್ಡೆಯಲ್ಲಿ ಆಗುದು. ಇದು ಬೇರೆ."

ಒಳಗೆ ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ನಮ್ಮವರು ಕೆಮ್ಮಿದರು. ಅದು ಕೆಮ್ಮಲ್ಲ, ನಗು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ? ನನಗೂ ನಗು ತಡೆಯಲಿಲ್ಲ. ಪಾಪ, ಆ ಹುಡುಗಿ ನಮ್ಮಿಬ್ಬರ ಮುಖವನ್ನು ಮಿಕಿಮಿಕಿ ನೋಡಿ, ಈ ಮುದುಕರಿಗೆ ಏನೋ ಆಗಿದೆ ಎಂದುಕೊಂಡು ಹೋದಳು.

ಬೇರೆ ಹೌದು. ಆದರೆ ಎಷ್ಟು ಬೇರೆ ಎಂಬುದು ನನ್ನಷ್ಟು ಚೆನ್ನಾಗಿ ಈ ಸಂಪಾಜೆಯಲ್ಲಿ ಯಾರಿಗೂ ಗೊತ್ತಿರಲಾರದು. ನನ್ನ ಮದುವೆ ಆಗುವುದೋ ಬಿಡುವುದೋ ಎಂಬುದು ಒಂದು ಕಾಲದಲ್ಲಿ ಇದೇ ಪ್ರಶ್ನೆಯ ಮೇಲೆ ನಿಂತಿತ್ತು.

ಕೇಪುಳ ಎಂದರೆ ನಮ್ಮ ಕಡೆಯ ಮಕ್ಕಳಿಗೆ ಗಿಡವಲ್ಲ, ಮಿಠಾಯಿ ಅಂಗಡಿ. ನಾನು ಹುಟ್ಟಿ ಬೆಳೆದದ್ದು ಪುತ್ತೂರಿನಲ್ಲಿ, ಕಬಕಕ್ಕೆ ಹೋಗುವ ದಾರಿಯ ಬದಿಯ ಒಂದು ಸಣ್ಣ ಮನೆಯಲ್ಲಿ. ಮನೆಯ ಹಿಂದೆ ಮುರಕಲ್ಲಿನ ಬೋಳು ಗುಡ್ಡೆ. ಅಲ್ಲಿ ನೀರಿಲ್ಲ, ಮಣ್ಣಿಲ್ಲ, ಯಾರ ಆರೈಕೆಯೂ ಇಲ್ಲ, ಕೇಪುಳ ಮಾತ್ರ ಬೇಸಿಗೆಯ ಸುಡುಬಿಸಿಲಿಗೂ ಕೆಂಪಗೆ ಅರಳಿ ನಗುತ್ತಿತ್ತು. ಹೂವಿನ ಉದ್ದ ಕೊಳವೆಯಿಂದ ದಾರದಂಥ ಎಳೆಯನ್ನು ಮೆಲ್ಲಗೆ ಎಳೆದರೆ ತುದಿಯಲ್ಲಿ ಒಂದು ಹನಿ ಜೇನು. ಆ ಒಂದು ಹನಿಗಾಗಿ ನಾವು ಅಕ್ಕಪಕ್ಕದ ಮಕ್ಕಳೆಲ್ಲ ಜಡೆ ಹಿಡಿದು ಹೊಡೆದಾಡಿದ್ದೇವೆ. ಹೂವು ಉದುರಿದ ಮೇಲೆ ಹಣ್ಣು. ಮೊದಲು ಕೆಂಪು, ಆಮೇಲೆ ಕಪ್ಪು ಕಪ್ಪು ಕೆಂಪು. ಸ್ವಲ್ಪ ಸಿಹಿ, ಸ್ವಲ್ಪ ಚೊಗರು. ತಿಂದು ಬಣ್ಣ ಹತ್ತಿದ ನಾಲಗೆ ತೋರಿಸಿಕೊಳ್ಳುವುದು ನಮ್ಮ ಸಂಜೆಯ ಕಾರ್ಯಕ್ರಮ. ಅಮ್ಮ ನೋಡಿದರೆ ಬೆನ್ನಿಗೆ ಒಂದು ಬೀಳುತ್ತಿತ್ತು.

ಬಂಗಲೆಯ ಕೇಪುಳ ನಮ್ಮ ಮಟ್ಟಿಗೆ ಬೇರೆಯೇ ಜಾತಿಯ ಪ್ರಾಣಿ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಹಿಂದೆ ದೊರೆಗಳು ಬಂದು ಇಳಿಯುತ್ತಿದ್ದ ಸರಕಾರಿ ಬಂಗಲೆಯೊಂದಿತ್ತು. ಅದರ ಬೇಲಿಗೆ ಎಲ್ಲಿಂದಲೋ ತರಿಸಿ ನೆಟ್ಟ ಕೇಪುಳ. ಅದಕ್ಕೆ ದಿನಾ ನೀರು, ತಿಂಗಳಿಗೊಮ್ಮೆ ಕತ್ತರಿ. ಗೊಂಚಲು ದೊಡ್ಡದು, ಹಣ್ಣು ಮಾತ್ರ ಬಿಡುವುದಿಲ್ಲ. ಗುಡ್ಡೆಯ ಕೇಪುಳದ ಎಸಳಿನ ತುದಿ ಚೂಪು, ಬಂಗಲೆಯದ್ದು ಉರುಟು. ಗುಡ್ಡೆಯದ್ದರ ಎಲೆಗೆ ತೊಟ್ಟೇ ಇಲ್ಲ, ಅಮ್ಮನ ಸೊಂಟ ತಬ್ಬಿದ ಮಗುವಿನ ಹಾಗೆ ಕಡ್ಡಿಯನ್ನೇ ಹಿಡಿದುಕೊಂಡಿರುತ್ತದೆ. ಬಂಗಲೆಯದ್ದು ಸಣ್ಣ ತೊಟ್ಟು ಬಿಟ್ಟು ಸ್ವಲ್ಪ ಅಂತರ ಕಾಪಾಡಿಕೊಳ್ಳುತ್ತದೆ, ದೊರೆಗಳ ಸಹವಾಸ ನೋಡಿ. ಇದೆಲ್ಲ ಈಗ ಬಾಯಿಪಾಠ ಒಪ್ಪಿಸುತ್ತಿದ್ದೇನೆ. ಆ ದಿನ ಯಾರಾದರೂ ಇಷ್ಟನ್ನು ಹೇಳಿಕೊಟ್ಟಿದ್ದರೆ ಎಷ್ಟು ಕಣ್ಣೀರು ಉಳಿಯುತ್ತಿತ್ತು!

ಆ ದಿನ ಎಂದರೆ ಆಣೆ ಹೋಗಿ ನಯಾಪೈಸೆ ಬಂದು ಕೆಲವು ವರ್ಷಗಳಾಗಿದ್ದ ಕಾಲ. ನಮ್ಮ ಪದ್ದತ್ತೆ ಮಾತ್ರ ಇನ್ನೂ ಆಣೆಯಲ್ಲೇ ವ್ಯವಹರಿಸುತ್ತಿದ್ದರು. ಪದ್ದತ್ತೆ ಎಂದರೆ ಅಪ್ಪನ ಅಕ್ಕ, ಕಡಬಕ್ಕೆ ಕೊಟ್ಟವರು. ವರ್ಷದಲ್ಲಿ ಅರ್ಧ ಕಡಬದಲ್ಲಿ, ಅರ್ಧ ನಮ್ಮಲ್ಲಿ. ನಮ್ಮಲ್ಲಿದ್ದಷ್ಟು ದಿನ ಮನೆಯ ಯಜಮಾನಿಕೆ ಅವರದ್ದೇ. ನನಗೆ ಗಂಡು ಹುಡುಕುವ ಕೆಲಸವನ್ನು ಯಾರೂ ಕೊಡದೆಯೇ ವಹಿಸಿಕೊಂಡಿದ್ದರು. ಹಾಗೆ ಅವರು ಹಿಡಿದು ತಂದ ಸಂಬಂಧ ಸಂಪಾಜೆಯದ್ದು. ಮಡಿಕೇರಿ ಘಾಟಿ ಹತ್ತುವ ಬಸ್ಸುಗಳೆಲ್ಲ ನಿಂತು ಹೋಗುವ ಜಾಗದಲ್ಲಿ ಅವರದ್ದೊಂದು ಹೋಟೆಲು. ಇಡ್ಲಿ, ಬನ್ಸು, ಕಾಫಿ.

ಹುಡುಗನ ವಿಷಯ ನಾನು ಯಾರಿಗೂ ಹೇಳದ ಒಂದು ಗುಟ್ಟಿತ್ತು. ಅವರನ್ನು ನಾನು ಮೊದಲೇ ನೋಡಿದ್ದೆ. ಅಪ್ಪ ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ ಏಜೆಂಟ್. ಒಂದು ಮೇಜು, ಒಂದು ಕುರ್ಚಿ, ಹಾರನ್ನಿನಂಥ ಒಂದು ಗಂಟಲು, ಅಷ್ಟೇ ಅವರ ಆಫೀಸು. ಒಂದು ದಿನ ಅಪ್ಪನಿಗೆ ಬುತ್ತಿ ಕೊಟ್ಟು ಬರಲು ಹೋದಾಗ ಬಸ್ಸಿನ ಟಾಪಿನಿಂದ ಒಬ್ಬ ಮುದುಕಿಯ ಬೂತಾಯಿ ಮೀನಿನ ಬುಟ್ಟಿಯನ್ನು ಇಳಿಸಲಾಗದೆ ಕಂಡಕ್ಟರು ಬೈಯುತ್ತಿದ್ದ. ಬಿಳಿ ಅಂಗಿಯ ಒಬ್ಬ ಯುವಕ ಏಣಿ ಹತ್ತಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಇಳಿಸಿದ. ಮೀನಿನ ನೀರೆಲ್ಲ ಬಿಳಿ ಅಂಗಿಯ ಮೇಲೆ! "ಇವತ್ತು ಸಂಪಾಜೆಗೆ ಹೋದ್ರೆ ಹೋಟೆಲಿನ ಒಳಗೆ ನನ್ನ ಅಮ್ಮನೇ ಬಿಡುದಿಲ್ಲ" ಎಂದು ಅವನು ಅಪ್ಪನ ಹತ್ತಿರ ಹೇಳಿ ನಕ್ಕ. ಆ ನಗುವನ್ನು ನಾನು ಖಾಲಿ ಬುತ್ತಿಪಾತ್ರೆಯ ಜೊತೆ ಮನೆಗೆ ತಂದೆ. ಪದ್ದತ್ತೆ ಸಂಪಾಜೆಯ ಹೋಟೆಲಿನವರ ಮಗ ಎಂದಾಗ ಅವರೇ ಎಂದು ನನಗೆ ಗೊತ್ತಾಯಿತು. ಆದರೆ ಸಂಬಂಧ ಇಷ್ಟ ಎಂದು ಹುಡುಗಿ ಬಾಯಿಬಿಡುವ ಕಾಲವೇ ಅದು? ಮುಖ ಗಂಟಿಕ್ಕಿಕೊಂಡು ತೆಂಗಿನಕಾಯಿ ತುರಿಯುತ್ತಾ ಕುಳಿತೆ.

ಪದ್ದತ್ತೆ ಅಲ್ಲಿ ಹೋಗಿ ಏನು ಹೇಳಿಬಂದಿದ್ದರು ಗೊತ್ತೇ? "ನಮ್ಮ ಸರಸು ಮಾಡಿದ ಕೇಪುಳ ಹೂವಿನ ತಂಬುಳಿ ಒಮ್ಮೆ ಉಂಡವರು ಸಾಯುವವರೆಗೆ ಮರೆಯುದಿಲ್ಲ" ಎಂದು. ಆ 'ಸಾಯುವವರೆಗೆ' ಆಮೇಲೆ ನೆನಪಾಗಿ ನಾನು ದೇವರಿಗೆ ಕೈ ಮುಗಿದದ್ದು ಸುಳ್ಳಲ್ಲ. ಹೂವನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿಯೊಂದಿಗೆ ಅರೆದು ಮಜ್ಜಿಗೆಯಲ್ಲಿ ಕಲಸುವುದು. ಅದರಲ್ಲಿ ಮರೆಯಲಾಗದಂಥದ್ದು ಏನಿದೆ? ಆದರೆ ಹೇಳಿದ ಮೇಲೆ ಮಾಡಲೇಬೇಕು.

ಅವರು ಬರುವ ದಿನ ಬೆಳಿಗ್ಗೆ ಗುಡ್ಡೆಯಲ್ಲಿ ನೋಡಿದರೆ ಒಂದು ಹೂವಿಲ್ಲ! ಹಿಂದಿನ ರಾತ್ರಿ ಪಕ್ಕದ ಗುತ್ತಿನ ದೊಡ್ಡ ಮನೆಯಲ್ಲಿ ಭೂತದ ಕೋಲ. ದೈವದ ಅಲಂಕಾರಕ್ಕೆ ಕೇಪುಳ ಬೇಕೇ ಬೇಕು. ಬೇಸಿಗೆಯ ಕೊನೆಗೆ ಪತ್ತನಾಜೆಯ ದಿನ ಬಂದರೆ ಕೋಲಗಳಿಗೆಲ್ಲ ತೆರೆ ಬೀಳುತ್ತದೆಂದು ಆ ವಾರ ಊರೆಲ್ಲ ಕೋಲವೇ. ಗುಡ್ಡೆಯನ್ನು ಬೋಳಿಸಿ ಬುಟ್ಟಿ ಬುಟ್ಟಿ ಹೂವು ಹೊತ್ತಿದ್ದರು. ದೈವಕ್ಕೆ ಹೋದ ಹೂವಿಗೆ ಬೇಸರ ಮಾಡುವ ಹಾಗೂ ಇಲ್ಲ. ನಾನು ಅಳುಮುಖ ಮಾಡಿ ನಿಂತೆ. "ನೀನು ಕಾಯಿ ತುರಿ, ಹೂ ನಾನು ತರ್ತೇನೆ" ಎಂದು ಪದ್ದತ್ತೆ ಕೊಡೆ ಹಿಡಿದು ಹೊರಟರು. ತಿರುಗಿ ಬಂದಾಗ ಮಡಚಿದ ಕೊಡೆಯ ತುಂಬ ಹೂ. ನನಗೂ ಅದನ್ನು ಬಿಡಿಸಿ ನೋಡುವ ವ್ಯವಧಾನವಿರಲಿಲ್ಲ. ಹೂ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಬಾಣಲೆಗೆ ಹಾಕಿದೆ.

ಬಂದವರು ಮೂವರು. ಹುಡುಗ, ಅವನ ಅಪ್ಪ, ಅಮ್ಮ. ನಾನು ಬಡಿಸಲು ಬಗ್ಗಿದಾಗ ಓರೆಗಣ್ಣಲ್ಲಿ ನೋಡಿದೆ. ಅಯ್ಯೋ ದೇವರೇ, ಬಸ್ ಸ್ಟ್ಯಾಂಡಿನ ಆ ನಗು ಎಲ್ಲಿ? ಮುಖ ಸೌತೆಕಾಯಿಯಂತೆ ಬಿಳಿಚಿಕೊಂಡಿದೆ. ತಲೆ ಎತ್ತುವುದಿಲ್ಲ, ಮಾತಿಲ್ಲ. ಹೋಳಿಗೆ ಬಡಿಸಲು ಹೋದರೆ ಎರಡೂ ಕೈ ಅಡ್ಡ. ಕೋಸಂಬರಿ ಬೇಡ, ಪಲ್ಯ ಬೇಡ. ತಂಬುಳಿ ಮಾತ್ರ ಮತ್ತೆ ಮತ್ತೆ ಹಾಕಿಸಿಕೊಂಡು ಕುಡಿದರು. ಊಟ ಮುಗಿದದ್ದೇ ತಡ, ಬಸ್ಸಿಗೆ ಹೊತ್ತಾಯ್ತು ಎಂದು ಎದ್ದುಬಿಟ್ಟರು. ಹುಡುಗಿಯನ್ನು ನೋಡಲು ಬಂದ ಮನುಷ್ಯ ಹುಡುಗಿಯನ್ನು ಬಿಟ್ಟು ನೆಲವನ್ನು ನೋಡಿ ಹೋದರೆ ಏನರ್ಥ? ಒಪ್ಪಿಗೆಯಾಗಲಿಲ್ಲ ಎಂದೇ ಅರ್ಥ. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋಗಿ ಚೆನ್ನಾಗಿ ಅತ್ತೆ.

ಅದು ಸಾಲದು ಎನ್ನುವಂತೆ ಸಂಜೆ ಪಕ್ಕದ ಮನೆಯ ಕಮಲಕ್ಕ ಸುದ್ದಿ ಕೇಳಲು ಬಂದರು. ಪದ್ದತ್ತೆ ಅವರಿಗೆ ವೀಳ್ಯ ಕೊಟ್ಟು, ತಾವು ಹೂ ಸಂಪಾದಿಸಿದ ಸಾಹಸವನ್ನು ಹೇಳತೊಡಗಿದರು. ಬಂಗಲೆಯ ಮಾಲಿ ಆಚೆ ತಿರುಗಿದಾಗ ಬೇಲಿಯಿಂದ ಕಿತ್ತು ಕೊಡೆಗೆ ತುಂಬಿಸಿದ್ದಂತೆ. ಕಮಲಕ್ಕನ ಬಾಯಿಂದ ವೀಳ್ಯ ಬೀಳುವುದೊಂದು ಬಾಕಿ.

"ಬಂಗಲೆಯ ಬೇಲಿಯದ್ದಾ? ಪದ್ದಕ್ಕಾ, ಎಂತ ಕೆಲಸ ಮಾಡಿದ್ರಿ! ನಮ್ಮ ಕಪಿಲೆ ದನ ಹೋದದ್ದು ಹೇಗೆ ಗೊತ್ತುಂಟಾ? ಆ ಬೇಲಿಗೆ ಬಾಯಿ ಹಾಕಿಯೇ. ಬಾಯಲ್ಲಿ ನೊರೆ ಬಂದು ಅಲ್ಲೇ ಬಿದ್ದದ್ದು!"

"ಕೇಪುಳಕ್ಕೆ ಎಂತ ವಿಷ?" ಎಂದರು ಪದ್ದತ್ತೆ. ಸ್ವರ ಮಾತ್ರ ಸಣ್ಣಗಾಗಿತ್ತು.

"ಅದು ಕೇಪುಳ ಅಂತ ಯಾರು ಹೇಳಿದ್ದು? ಅದು ಚಂದಕ್ಕೆ ನೆಡುವಂಥದ್ದು, ತಿನ್ನುದಕ್ಕೆ ಅಲ್ಲ."

ನೀವು ಕೇಳಬಹುದು, ನೀವೂ ಉಂಡಿರಲಿಲ್ಲವೇ, ನಿಮಗೇನೂ ಆಗಲಿಲ್ಲವಲ್ಲ ಎಂದು. ಎಲ್ಲಿ ಉಂಡದ್ದು! ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡುವ ಕ್ರಮ ನಮ್ಮಲ್ಲಿಲ್ಲ. ನೆಂಟರು ಉಂಡ ಮೇಲೆ ಮನೆಯವರ ಊಟ. ಅಷ್ಟರಲ್ಲಿ ತಂಬುಳಿಯ ಪಾತ್ರೆ ಬರಿದಾಗಿತ್ತು. ಅದರಲ್ಲೂ ಹೆಚ್ಚಿನದ್ದು ಹುಡುಗನೊಬ್ಬನ ಹೊಟ್ಟೆಗೇ ಹೋಗಿತ್ತು. ಬಿಳಿಚಿದ ಆ ಮುಖ ನೆನಪಾಗಿ ನಾನು ರಸ್ತೆಗೆ ಓಡಿದೆ. ಸಂಪಾಜೆಯ ಬಸ್ಸು ಹೋಗಿ ಆಗಿತ್ತು, ಇನ್ನು ಮರುದಿನವೇ.

ಮರುದಿನ ಬೆಳಕು ಹರಿಯುವಾಗ ಮನೆಯಲ್ಲಿ ಸಣ್ಣದೊಂದು ಯುದ್ಧ. ಪದ್ದತ್ತೆಯದ್ದು ಒಂದೇ ಹಟ. "ಹೋಗಿ ಎಂತ ಹೇಳ್ತೀ ತಮ್ಮಾ? ನಿಮ್ಗೆ ವಿಷ ಬಡಿಸಿದ್ದೇವೆ, ಹೇಗಿದ್ದೀರಿ ಅಂತಾ? ಸಂಬಂಧ ಹೋಯ್ತು. ಅದಲ್ಲ, ಇನ್ನು ಯಾವ ಸಂಬಂಧವೂ ಬರುದಿಲ್ಲ. ಸುಮ್ನೆ ಇರುವ. ಏನೂ ಆಗಿರ್ಲಿಕ್ಕಿಲ್ಲ."

ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಸಿಂಹ, ಮನೆಯಲ್ಲಿ ಅಕ್ಕನ ಮುಂದೆ ಬೆಕ್ಕು. ತಲೆ ಕೆರೆದುಕೊಂಡು ನಿಂತರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಆಗ ನನ್ನ ಬಾಯಿಂದ ಮಾತು ಬಂದುಬಿಟ್ಟಿತು.

"ಅಪ್ಪಾ, ನೀವು ಹೋಗಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆಸ್ಪತ್ರೆಗೆ ಕೊಂಡೋಗುದಿದ್ರೆ ಯಾವ ಹೂ ಅಂತ ಡಾಕ್ಟ್ರಿಗೆ ಗೊತ್ತಾಗುದು ಬೇಡ್ವಾ? ಮದುವೆ ಹೋದ್ರೆ ಹೋಗ್ಲಿ. ಅವರು ಬದುಕಿ ಇದ್ರೆ ಸಾಕು ನನ್ಗೆ."

ಕೊನೆಯ ವಾಕ್ಯ ಹೊರಬಿದ್ದ ಮೇಲೆ ನಾಲಗೆ ಕಚ್ಚಿಕೊಂಡೆ. ಅಪ್ಪ ನನ್ನನ್ನೊಮ್ಮೆ ನೋಡಿದರು. ಅಂಗಿ ತೊಟ್ಟು, ಮೊದಲ ಬಸ್ಸಿಗೆ ಹೋದರು.

ಆ ಹಗಲನ್ನು ಹೇಗೆ ದೂಡಿದೆನೋ ನನಗೇ ಗೊತ್ತು. ರಸ್ತೆಯಲ್ಲಿ ಪ್ರತಿ ಬಸ್ಸಿನ ಹಾರನ್ನಿಗೂ ಅಂಗಳಕ್ಕೆ ಓಡುತ್ತಿದ್ದೆ. ಮಧ್ಯಾಹ್ನ ಪದ್ದತ್ತೆ ಊಟಕ್ಕೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಕೊಟ್ಟಿಗೆಯ ಹಿಂದೆ ಒರಳಿನ ಮೇಲೆ ಕುಳಿತಿದ್ದಾರೆ. ಮಡಿಲಲ್ಲಿ ಕೊಡೆ. ಕೊಡೆಯ ಮಡಿಕೆಯಲ್ಲಿ ಉಳಿದಿದ್ದ ಬಾಡಿದ ಹೂವುಗಳನ್ನು ಒಂದೊಂದಾಗಿ ಹೆಕ್ಕಿ ಬಾಯಿಗೆ ಹಾಕಿ ಅಗಿಯುತ್ತಿದ್ದಾರೆ! ಕಣ್ಣಿಂದ ನೀರು ಧಾರೆ.

"ಅತ್ತೇ, ಎಂತ ಮಾಡುದು ನೀವು!"

"ಅವರಿಗೆ ಆದದ್ದು ನನ್ಗೂ ಆಗ್ಲಿ ಮಗಾ. ತಂದವಳು ನಾನಲ್ವಾ?"

ಬೆಳಿಗ್ಗೆ ಆ ಪಾಟಿ ಜಗಳಾಡಿದ ಹೆಂಗಸು! ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಕರಗಿ ನೀರಾಯಿತು. ಪಕ್ಕದಲ್ಲಿ ಕುಳಿತೆ. ಏನನ್ನಿಸಿತೋ, ಕೈಹಾಕಿ ಒಂದು ಹಿಡಿ ಹೂ ತೆಗೆದು ನಾನೂ ಬಾಯಿಗೆ ಹಾಕಿಕೊಂಡೆ. ಆಗಲೇ ಮೊದಲ ಬಾರಿ ಆ ಎಸಳುಗಳನ್ನು ಹತ್ತಿರದಿಂದ ನೋಡಿದ್ದು. ತುದಿ ಚೂಪಿಲ್ಲ, ಉರುಟು. ರುಚಿ ಹುಲ್ಲಿನದ್ದು. ಇಬ್ಬರೂ ಅಗಿದು ನುಂಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಏನಾಗುತ್ತದೆ ಎಂದು ಕಾಯುತ್ತಾ ಕುಳಿತೆವು. ಏನಾಗಲಿಕ್ಕೆ? ಸ್ವಲ್ಪ ಹೊತ್ತಿನಲ್ಲಿ ಇಬ್ಬರಿಗೂ ಚೆನ್ನಾಗಿ ಹಸಿವಾಯಿತು. "ಹಸಿವೆಯಲ್ವಾ ಇದು?" ಎಂದು ಪದ್ದತ್ತೆ ಸಂಶಯದಿಂದ ಕೇಳಿದರು. ನಾನು ಅಳುತ್ತಲೇ ನಕ್ಕೆ. ಹೋಗಿ ಗಂಜಿ ಉಂಡೆವು. ಆದರೂ ಮನಸ್ಸಿನ ಭಾರ ಇಳಿಯಲಿಲ್ಲ. ನಾವು ತಿಂದದ್ದು ಹಿಡಿ ಹೂವು, ಅವರು ಕುಡಿದದ್ದು ಸೇರುಗಟ್ಟಲೆ.

ಸಂಜೆ ಬಸ್ಸಿಗೆ ಅಪ್ಪ ಇಳಿದರು. ನಮ್ಮಪ್ಪನದ್ದೊಂದು ಚಾಳಿ, ಯಾವ ಕಥೆಯನ್ನೂ ಬುಡದಿಂದಲೇ ಹೇಳಬೇಕು. ಕಾಲು ತೊಳೆದು, ಬೆಲ್ಲ ನೀರು ಕುಡಿದು, ಬೈರಾಸಿನಿಂದ ಬೆನ್ನು ಒರೆಸಿಕೊಂಡು, "ಬಸ್ಸು ಸುಳ್ಯದಲ್ಲಿ ನಿಂತದ್ದು ನಿಂತದ್ದೇ. ಡ್ರೈವರು ಕಾಫಿಗೆ ಹೋದವ ಬರುದೇ ಇಲ್ಲ..." ಎಂದು ಶುರು ಮಾಡಿದರು.

"ಸುಳ್ಯ ಸುಟ್ಟುಹೋಗ್ಲಿ! ಜೀವದಲ್ಲಿದ್ದಾರಾ ಇಲ್ವಾ ಹೇಳು!" ಎಂದು ಪದ್ದತ್ತೆ ಕಿರುಚಿದರು.

"ಇದ್ದಾರೆ. ಎಲ್ಲರೂ ಇದ್ದಾರೆ. ಗಟ್ಟಿ ಇದ್ದಾರೆ."

ನಾನು ಕಂಬಕ್ಕೆ ಒರಗಿ ಕುಳಿತೆ. ಇನ್ನು ಮದುವೆ ಮುರಿದದ್ದಾದರೂ ಹೇಳಲಿ, ತಡೆದುಕೊಂಡೇನು ಅನಿಸಿತು. ಮುಂದಿನದ್ದನ್ನು ಅಪ್ಪ ಅವರದೇ ಕ್ರಮದಲ್ಲಿ ಹೇಳಿದರು, ನಾವು ಕೇಳಿದೆವು.

ಅಪ್ಪ ಹೋಗುವಾಗ ಹೋಟೆಲಿನ ತುಂಬ ಘಾಟಿ ಹತ್ತುವ ಜನ. ಹುಡುಗನ ಅಪ್ಪ ಗಲ್ಲಾದಲ್ಲಿ ಕುಳಿತಿದ್ದರು. ಹೇಗೆ ಶುರು ಮಾಡುವುದೆಂದು ತಿಳಿಯದೆ ಅಪ್ಪ, ಬಸ್ ಸ್ಟ್ಯಾಂಡಿನ ಅದೇ ಗಂಟಲಿನಲ್ಲಿ, "ಭಾವಾ, ಎಲ್ಲರ ಹೊಟ್ಟೆ ಸರಿ ಉಂಟಾ?" ಎಂದು ಕೇಳಿದರಂತೆ. ಗಿರಾಕಿಗಳ ಬಾಯಿಯ ಇಡ್ಲಿ ಬಾಯಲ್ಲೇ ಉಳಿಯಿತು. ಗಲ್ಲಾದಲ್ಲಿದ್ದವರು ಎದ್ದೋಡಿ ಬಂದು ಅಪ್ಪನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಮೆಲ್ಲ ಮಾತಾಡಿ ಮಾರಾಯ್ರೆ! ನಿಮ್ಗೆ ಯಾರು ಹೇಳಿದ್ದು?"

ಹಾಗಾದರೆ ಆದದ್ದು ಹೌದು! "ತಪ್ಪು ನಮ್ಮದೇ" ಎಂದು ಅಪ್ಪ ಕೈ ಮುಗಿದರು.

"ನಿಮ್ಮದೆಂಥ ತಪ್ಪು? ನಮ್ಮ ಮಗ ಮೊನ್ನೆ ಬಕ್ಕೆ ಹಲಸಿನ ಹಣ್ಣು ಸಿಕ್ಕಿತು ಅಂತ ಇಡೀ ತಿಂದ. ರಾತ್ರಿಯಿಂದ ಭೇದಿ. ನಿಮ್ಮಲ್ಲಿಗೆ ಬರುದು ಬೇಡ ಅಂತ ಹೇಳಿದೆ, ಕೇಳ್ಲಿಲ್ಲ. ಹೋಟೆಲಿನವರ ಮಗನಿಗೇ ಭೇದಿ ಅಂತ ಗೊತ್ತಾದ್ರೆ ನಮ್ಮಲ್ಲಿಗೆ ಹೆಣ್ಣು ಕೊಡುದು ಬಿಡಿ, ಇಡ್ಲಿ ತಿನ್ಲಿಕ್ಕೂ ಯಾರು ಬರ್ತಾರೆ?"

ನೋಡಿ, ಹೇಗಿದೆ! ನಾವು ಇಲ್ಲಿ ಅವರ ಹೊಟ್ಟೆಯ ಗುಟ್ಟು ಹೊತ್ತು ನಡುಗುತ್ತಿದ್ದರೆ, ಅವರು ಅಲ್ಲಿ ಅದೇ ಹೊಟ್ಟೆಯ ಗುಟ್ಟನ್ನು ನಮ್ಮಿಂದ ಮುಚ್ಚಿಟ್ಟು ನಡುಗುತ್ತಿದ್ದರು. ಆ ಬಿಳಿಚಿದ ಮುಖ, ಆ ಮೌನ, ಆ ಅವಸರ, ಎಲ್ಲ ಹಲಸಿನ ಹಣ್ಣಿನ ಪ್ರತಾಪ. ಪಾಪ, ಸಂಪಾಜೆಯಿಂದ ಪುತ್ತೂರಿಗೆ ಆ ಬಸ್ಸಿನಲ್ಲಿ ಹೇಗೆ ಬಂದರೋ ಪರಮಾತ್ಮನಿಗೇ ಗೊತ್ತು.

ಅಪ್ಪ ಅಲ್ಲೇ ನಿಂತು ಕೋಲ, ಕೊಡೆ, ಬಂಗಲೆ, ದನ ಎಲ್ಲವನ್ನೂ ಹೇಳಿದರಂತೆ. ಒಲೆಯ ಬಳಿ ಬನ್ಸು ಕರಿಯುತ್ತಿದ್ದ ಹುಡುಗನ ಅಮ್ಮ ಸೌಟು ಹಿಡಿದು ಹಾಗೆಯೇ ನಿಂತುಬಿಟ್ಟರು. ಆಗ ಒಳಕೋಣೆಯಿಂದ ಹುಡುಗ ಹೊರಬಂದರು.

"ವಿಷ ಎಂತದ್ದೂ ಇಲ್ಲ ಮಾವ. ನನ್ಗೆ ನಿಂತದ್ದೇ ಆ ತಂಬುಳಿ ಕುಡಿದ ಮೇಲೆ. ದಾರಿಯಲ್ಲಿ ಬಸ್ಸು ಒಂದು ಕಡೆಯೂ ನಿಲ್ಲಿಸ್ಬೇಕಾಗ್ಲಿಲ್ಲ. ಅಲ್ಲ, ಇಷ್ಟು ದೂರ ಬಂದು ಹೇಳ್ಬೇಕು ಅಂತ ಯಾರಿಗೆ ಕಂಡದ್ದು?"

"ಮಗಳಿಗೆ" ಎಂದರಂತೆ ಅಪ್ಪ. ನಾನು ಹೇಳಿದ ಆ ಕೊನೆಯ ವಾಕ್ಯವನ್ನೂ ಸೇರಿಸಿಯೇ ಹೇಳಿದರಂತೆ! ಬುಡದಿಂದ ತುದಿಯವರೆಗೆ ಹೇಳುವ ಚಾಳಿ ಇದ್ದವರಿಗೆ ಏನು ಹೇಳುವುದು? ಹುಡುಗ ಅಪ್ಪನಿಗೆ ತಾವೇ ಕಾಫಿ ತಂದುಕೊಟ್ಟರಂತೆ. ಆಮೇಲೆ, "ಮಾವ, ಬರುವ ವಾರ ನಾನು ಇನ್ನೊಮ್ಮೆ ಬರ್ಬಹುದಾ? ನಿನ್ನೆ ನಾನು ಅವರ ಮುಖವೇ ನೋಡ್ಲಿಲ್ಲ. ನೋಡುವ ಅವಸ್ಥೆಯಲ್ಲಿ ಇರ್ಲಿಲ್ಲ" ಎಂದರಂತೆ.

ಪದ್ದತ್ತೆ ದೇವರ ಕೋಣೆಗೆ ಓಡಿ ತುಪ್ಪದ ದೀಪ ಹಚ್ಚಿದರು. ನಾನು ಮತ್ತೆ ಬಾವಿಕಟ್ಟೆಗೆ ಹೋಗಿ ಅತ್ತೆ. ಈ ಸಲದ್ದು ಬೇರೆ ಅಳು, ಅತ್ತಷ್ಟೂ ಹಗುರ. ಕಮಲಕ್ಕನ ಕಪಿಲೆಯ ವಿಷಯ ಗೊತ್ತಾದದ್ದು ಮದುವೆಯ ಚಪ್ಪರದಲ್ಲಿ. ಬಂಗಲೆಯ ಬೇಲಿಯ ಮೂಲೆಯಲ್ಲಿ ವಿಷದ ಕಣಗಿಲೆ ಗಿಡವೂ ಇತ್ತಂತೆ. ದನ ಬಾಯಿ ಹಾಕಿದ್ದು ಅದಕ್ಕೆ. ಬೇಲಿ ಒಂದೇ ಆದ ಕಾರಣ ಪಾಪದ ಕೇಪುಳಕ್ಕೆ ಅಪವಾದ ಬಂದದ್ದು. ಕಮಲಕ್ಕ ಅದನ್ನು ಹೇಳುವಾಗ ಮದುವೆಯ ಹೋಳಿಗೆಯನ್ನು ಬಾಯಿತುಂಬ ತುಂಬಿಕೊಂಡಿದ್ದರು.

ಸಂಪಾಜೆಗೆ ಬರುವಾಗ ನಾನು ಗುಡ್ಡೆಯ ಕೇಪುಳದ ಒಂದು ಗಿಡವನ್ನು ಬುಡದ ಮಣ್ಣು ಸಮೇತ ತಂದೆ. ಇವರು ಎಲ್ಲಿಂದಲೋ ಉರುಟು ಎಸಳಿನದ್ದರ ಗೆಲ್ಲು ತಂದು ಅದರ ಪಕ್ಕದಲ್ಲೇ ನೆಟ್ಟರು. ಅಂದಿನಿಂದ ವಾದ ನಡೆದೇ ಇದೆ. ಔಷಧದ ಗುಣ ಗುಡ್ಡೆಯದ್ದಕ್ಕೇ ಎಂದು ನಾನು, ಬಂಗಲೆಯದ್ದಕ್ಕೂ ಇದೆ, ಅದಕ್ಕೆ ನಾನೇ ಸಾಕ್ಷಿ ಎಂದು ಇವರು. ನನ್ನ ಗಿಡದ ಹಣ್ಣಿಗೆ ಪಿಕಳಾರ ಹಕ್ಕಿ ಬರುತ್ತದೆ. ಇವರದ್ದಕ್ಕೆ ಚಿಟ್ಟೆ. ಈಗ ಆ ಹುಡುಗಿ ತಂದ ಇಕ್ಸೋರಾವೂ ಇವರದೇ ಪಕ್ಷ. ಎಲೆ ಎತ್ತಿ ನೋಡಿದೆ, ಸಣ್ಣ ತೊಟ್ಟಿದೆ.

ಮೊನ್ನೆ ಇವರಿಗೆ ಹೊಟ್ಟೆ ಕೆಟ್ಟಿತು. ಕಾರಣ ಕೇಳಬೇಡಿ, ಇದು ಹಲಸಿನ ಕಾಲ, ಬುದ್ಧಿ ಇನ್ನೂ ಬಂದಿಲ್ಲ. ನಾನು ಅಂಗಳಕ್ಕಿಳಿದು ಕೈಗೆ ಸಿಕ್ಕಿದ ಹೂ ಕೊಯ್ದು ತಂಬುಳಿ ಮಾಡಿ ಲೋಟದಲ್ಲಿ ಕೊಟ್ಟೆ. ಅಷ್ಟು ವಾದ ಮಾಡುವ ಮನುಷ್ಯ, ಇದು ಯಾವ ಕೇಪುಳದ್ದು ಎಂದು ಮಾತ್ರ ಒಂದು ದಿನವೂ ಕೇಳಿದವರಲ್ಲ. ಗಟಗಟ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ತಲೆ ಎತ್ತಿ, ಅವತ್ತು ನೋಡದೆ ಹೋದದ್ದರ ಬಾಕಿ ಇನ್ನೂ ಉಳಿದಿದೆ ಎನ್ನುವ ಹಾಗೆ, ನನ್ನ ಮುಖವನ್ನು ಸರಿಯಾಗಿ ನೋಡಿದರು.